ಅರ್ಧ ಇಂಚು ಹಾಲು

ಯಮುನಾ ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ಮಾತಿಗಿಂತ ಸುಮ್ಮನಿದ್ದ ಹೊತ್ತೇ ಹೆಚ್ಚಾಗಿತ್ತು. ಮೊದಲು ನನ್ನ ಹೆಸರು ಕೇಳಿಸಿತು. ಆಮೇಲೆ ಯಾವುದೋ ಬಸ್ಸು ಗೇರ್ ಬದಲಿಸಿಕೊಂಡು ಏರು ಹತ್ತಿದ ಸದ್ದು. ಅದು ಪೂರ್ತಿ ದೂರವಾದ ಮೇಲೆ ಅವಳು ಹೇಳಿದಳು: "ಮಾಳು, ಮೇಷ್ಟ್ರ ಮಳೆಯೆಲ್ಲಾ ನಿನ್ ಹತ್ರ ಇದೆಯಂತಲ್ಲ. ನಂಗೆ ಒಂದೇ ಒಂದು ದಿನದ್ದು ಬೇಕಿತ್ತು."

ಯಾವ ದಿನ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಗಾಳಿಬೀಡಿನ ಕಡೆಯವರಿಗೆ 'ಆ ದಿನ' ಎಂದರೆ ಒಂದೇ. ಕೆಲವು ವರ್ಷಗಳ ಹಿಂದಿನ ಆ ಆಗಸ್ಟಿನಲ್ಲಿ ಯಮುನಾಳ ಮನೆಯ ಹಿಂದಿನ ಗುಡ್ಡ ಜಾರಿ ಬಂದು ಮನೆ, ಕೊಟ್ಟಿಗೆ, ಕಾಫಿ ಒಣಗಿಸುವ ಕಣ ಎಲ್ಲವನ್ನೂ ತೆಗೆದುಕೊಂಡು ಕೆಳಗಿನ ತೋಡಿಗೆ ಇಳಿದಿತ್ತು. ಹಿಂದಿನ ಸಂಜೆಯೇ ಅವಳು ಅವ್ವನನ್ನೂ ಎಳೆಗೂಸನ್ನೂ ಕರೆದುಕೊಂಡು ನಮ್ಮ ಹಳೆಯ ಶಾಲೆಗೆ ಬಂದುಬಿಟ್ಟಿದ್ದರಿಂದ ಜೀವ ಉಳಿಯಿತು. ಉಳಿದದ್ದು ಅಷ್ಟೇ. ಒಂದು ಫೋಟೋ ಕೂಡ ಸಿಕ್ಕಲಿಲ್ಲ. ಈಗ ಅವಳು ಮಡಿಕೇರಿಯ ಹೊರಗೆ, ಮನೆ ಕಳೆದುಕೊಂಡವರಿಗೆ ಕಟ್ಟಿಸಿದ ಸಾಲುಮನೆಗಳಲ್ಲಿ ಒಂದರಲ್ಲಿ ಇದ್ದಾಳೆ. ಮಾರ್ಕೆಟ್ಟಿನ ಹತ್ತಿರ ಒಂದು ಬೇಕರಿಯಲ್ಲಿ ಕೆಲಸ.

ಕಾರಣವನ್ನು ಅವಳು ಎರಡನೆಯ ಮೆಸೇಜಿನಲ್ಲಿ ಹೇಳಿದಳು. ಅವಳ ಮಗಳು ರಶ್ಮಿತಾಳಿಗೆ ಶಾಲೆಯಲ್ಲಿ 'ನಮ್ಮ ಮನೆ' ಎಂಬ ವಿಷಯದ ಮೇಲೆ ಮಾತಾಡಲು ಹೇಳಿದ್ದರಂತೆ. ಹುಡುಗಿ ಹಳೆಯ ಮನೆಯ ಬಗ್ಗೆ ಕೇಳಿದಳಂತೆ, ಎಷ್ಟು ಮಳೆ ಬಂದು ಹೋಯಿತು ಅಮ್ಮ ಎಂದು. ಯಮುನಾಳಿಗೆ ಉತ್ತರ ಗೊತ್ತಿರಲಿಲ್ಲ.

"ದಿನಾ ಮಳೆ ಕೂಗ್ತಿದ್ದವಳು ನಾನು. ಆ ಒಂದು ದಿನದ್ದು ಗೊತ್ತಿಲ್ಲ ಅಂದ್ರೆ ಹೆಂಗೆ ಮಾಳು?"

ಅದನ್ನು ಕೇಳುವಾಗ ನಾನು ಮಡಿಕೇರಿಯಲ್ಲಿ, ಕೆಲಸ ಮಾಡುವ ಲಾಡ್ಜಿನ ರಿಸೆಪ್ಷನ್ನಿನಲ್ಲಿದ್ದೆ. ಜುಲೈ ತಿಂಗಳು. ಮಳೆ ನೋಡಲು ಬರುವವರೂ ಬರದಷ್ಟು ಮಳೆ. ಗಾಜಿನ ಬಾಗಿಲಿನಾಚೆ ಮಂಜು ರಸ್ತೆಯನ್ನು ಅಳಿಸಿಹಾಕಿತ್ತು. ಬಿ.ಎ. ಮುಗಿಸಿ, ಎರಡು ಕಡೆ ತಾತ್ಕಾಲಿಕ ಕೆಲಸ ಮಾಡಿ, ಕೊನೆಗೆ ಈ ಮೇಜಿನ ಹಿಂದೆ ಬಂದು ಕೂತವಳು ನಾನು. ಮಳೆಗಾಲದಲ್ಲಿ ಇಲ್ಲಿ ನನಗೆ ಕೆಲಸವೇ ಇರುವುದಿಲ್ಲ. ಆ ಖಾಲಿತನ ನನಗೆ ಇಷ್ಟ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಕೂಗುವುದು ಎಂದರೆ ಏನೆಂದು ಹೇಳಬೇಕು. ನಮ್ಮ ಶಾಲೆಯ ಅಂಗಳದಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ಮಳೆ ಅಳೆಯುವ ಡಬ್ಬ ಇತ್ತು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಇಬ್ಬರು ಹೋಗಿ ಅದರ ನೀರನ್ನು ಗೆರೆಗಳಿರುವ ಉದ್ದನೆಯ ಗಾಜಿನ ಲೋಟಕ್ಕೆ ಸುರಿದು ಅಳೆಯಬೇಕು. ಮಳೆ ಲೋಟ ಎನ್ನುತ್ತಿದ್ದೆವು. ಅದು ಹಿಡಿಯುವುದು ಅರ್ಧ ಇಂಚು ಮಾತ್ರ. ಜುಲೈಯಲ್ಲಿ ತುಂಬಿಸಿ ಚೆಲ್ಲಿ, ತುಂಬಿಸಿ ಚೆಲ್ಲಿ, ಲೆಕ್ಕ ಇಡಬೇಕಿತ್ತು. ಯಮುನಾ ಲೋಟ ಹಿಡಿಯುವವಳು, ನಾನು ಲೆಕ್ಕ ಇಡುವವಳು. ಸುಬ್ಬಣ್ಣ ಮೇಷ್ಟ್ರು ಜಗಲಿಯ ಮೇಲಿನಿಂದ ಕೊಡೆ ಹಿಡಿದು ನೋಡುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಯಮುನಾ ಮುಂದೆ ಬಂದು, ಕತ್ತು ಮೇಲೆತ್ತಿ, ಇಡೀ ಶಾಲೆಗೆ ಕೇಳುವಂತೆ ಕೂಗುತ್ತಿದ್ದಳು: "ಮೂರು ಇಂಚು, ಐದು ಸೆಂಟು." ನೂರು ಸೆಂಟಿಗೆ ಒಂದು ಇಂಚು. ಕೊಡಗಿನಲ್ಲಿ ಮಳೆಯನ್ನು ಈಗಲೂ ಹಾಗೆಯೇ ಹೇಳುತ್ತೇವೆ. ಅವಳ ಧ್ವನಿಗೆ ಹೆದರಿ ಹಂಚಿನ ಮೇಲಿನ ಪಾರಿವಾಳಗಳು ಎದ್ದು ಹೋಗುತ್ತಿದ್ದವು. ನನಗೆ ಧ್ವನಿಯೇ ಇರಲಿಲ್ಲ. ಹಾಗಾಗಿ ಕೂಗುವ ಕೆಲಸ ಯಾವತ್ತೂ ಅವಳದೇ.

ಮೇಷ್ಟ್ರು ನಿವೃತ್ತರಾದ ದಿನ ಊರವರು ಹಾರದ ಜೊತೆ ಆ ಲೋಟವನ್ನೇ ಅವರಿಗೆ ಕೊಟ್ಟರು. ಅವರು ಶಾಲೆಯ ಪಕ್ಕದ ತಮ್ಮ ಮನೆಯಂಗಳದಲ್ಲಿ ಹೊಸ ಡಬ್ಬ ಇಟ್ಟುಕೊಂಡರು. ಆಮೇಲೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಶುರುವಾಯಿತು. ಅದರಲ್ಲಿ ದಿನಾ ಬೆಳಿಗ್ಗೆ ಅವರದು ಒಂದೇ ಸಾಲು: ತಿಂಗಳು, ತಾರೀಕು, ಎರಡು ಚುಕ್ಕೆ, ಮಳೆ. 'ಜುಲೈ ೯: ೩-೫.' ಅಂಕಿಗಳು ಯಾವಾಗಲೂ ಕನ್ನಡದವು. ಹೊಸ ಫೋನಿನಲ್ಲಿ ಆ ಅಂಕಿಗಳು ಎಲ್ಲಿವೆ ಎಂದು ಹುಡುಕಿಸಿಕೊಳ್ಳಲು ಅವರು ಮಡಿಕೇರಿಯ ತನಕ ಬಂದಿದ್ದರು. ಯಮುನಾ ಮಾತ್ರ ಆ ಗುಂಪಿನಲ್ಲಿ ಇಲ್ಲ. ಅವಳ ಫೋನು ಮನೆಯ ಜೊತೆಗೇ ಹೋಗಿತ್ತು. ಮತ್ತೆ ಸೇರಿಸುತ್ತೇವೆ ಎಂದು ಎಲ್ಲರೂ ಅಂದುಕೊಂಡೆವು, ಯಾರೂ ಸೇರಿಸಲಿಲ್ಲ, ಅವಳೂ ಕೇಳಲಿಲ್ಲ.

ಆ ಮಳೆಯೆಲ್ಲ ನನ್ನ ಹತ್ತಿರ ಬಂದದ್ದು ಹೀಗೆ. ನನ್ನ ಚಿಕ್ಕಪ್ಪನ ಮಗ ಸ್ಕಂದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಾನೆ. ಸಂಜೆ ನಾನು ಅಲ್ಲಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಸೇರಿದ್ದೆ. ಉಳಿದವರು ಅಂಗಡಿ ಬಿಲ್ಲು, ಕ್ಯಾಲ್ಕುಲೇಟರು ಮಾಡುತ್ತಿದ್ದರು. ನನಗೆ ಮೇಷ್ಟ್ರ ಮಳೆ ನೆನಪಾಯಿತು. ಅವರಿಂದ ಗುಂಪಿನ ಹಳೆಯ ಮೆಸೇಜುಗಳನ್ನೆಲ್ಲ ಒಂದೇ ಫೈಲಾಗಿ ತರಿಸಿಕೊಂಡೆ. ತಾರೀಕು ಹಾಕಿದರೆ ಆ ದಿನದ ಮಳೆ ತೋರಿಸುವ ಪುಟ ಮಾಡುತ್ತೇನೆ ಎಂದೆ.

ಮೊದಲ ಸಂಜೆ ಕಂಪ್ಯೂಟರು ಮೇಷ್ಟ್ರ ಒಂದು ಅಂಕಿಯನ್ನೂ ಒಪ್ಪಲಿಲ್ಲ. ಅದಕ್ಕೆ ಅವು ಬರಿಯ ಅಕ್ಷರಗಳು. ಅಂಕಿಯಾಗಿ ಬದಲಿಸು ಎಂದರೆ ಪ್ರತಿ ಸಾಲಿಗೂ 'ನ್ಯಾನ್' ಎಂದಿತು. ಇದು ಸಂಖ್ಯೆಯೇ ಅಲ್ಲ ಎಂದು ಅದರರ್ಥ. ಕನ್ನಡ ಅಂಕಿಗಳಿಗಾಗಿ ಇಡೀ ಜೀವನ ಹಟ ಹಿಡಿದವರಿಗೆ ಬಂದ ಉತ್ತರ. ಸ್ಕಂದ ಬೆನ್ನ ಹಿಂದೆ ನಿಂತು, ಪ್ರತಿ ಅಕ್ಷರಕ್ಕೂ ಯಂತ್ರದೊಳಗೆ ಒಂದು ಕ್ರಮಸಂಖ್ಯೆ ಇರುತ್ತದೆ ಎಂದ. ನಮ್ಮ ಸೊನ್ನೆಯದು ಮೂರು ಸಾವಿರದ ಮುನ್ನೂರ ಎರಡು. ಒಂದು, ಎರಡು ಎಲ್ಲ ಅದರ ಹಿಂದೆ ಸಾಲಾಗಿ ನಿಂತಿವೆ. ಬಂದ ಅಕ್ಷರದ ಸಂಖ್ಯೆಯಿಂದ ಸೊನ್ನೆಯ ಸಂಖ್ಯೆ ಕಳೆದರೆ ನಿಜವಾದ ಬೆಲೆ ಸಿಗುತ್ತದೆ. ಕಳೆದೆ, ಸಿಕ್ಕಿತು. ಪ್ರಾರ್ಥನೆಗೆ ಸಾಲಾಗಿ ನಿಲ್ಲುತ್ತಿದ್ದ ನಾವು ಕಣ್ಣ ಮುಂದೆ ಬಂದೆವು, ಎತ್ತರದ ಪ್ರಕಾರ, ಗಿಡ್ಡವಳಾದ ನಾನು ಎಲ್ಲರ ಮುಂದೆ.

ಎರಡನೆಯ ಸಂಜೆ ತಿಂಗಳ ಮಳೆ ಕೂಡಿಸಲು ಹೋದೆ. ಪರದೆಯ ತುಂಬ ಉದ್ದನೆಯ ಒಂದು ಸಂಖ್ಯೆ ಬಂತು. ಮೂರು, ಎರಡು, ನಾಲ್ಕು ಇಂಚುಗಳನ್ನು ಒಂದರ ಪಕ್ಕ ಒಂದು ಅಂಟಿಸಿತ್ತೇ ಹೊರತು ಕೂಡಿಸಿರಲಿಲ್ಲ.

"ಮಾಳಕ್ಕ, ನೀನು ಮಳೆ ಕೂಡಿಸ್ಲಿಲ್ಲ, ಹೂ ಕಟ್ಟಿದ್ದೀಯ" ಎಂದ ಸ್ಕಂದ. ಅಕ್ಷರಗಳ ನಡುವೆ ಕೂಡುವ ಗುರುತು ಹಾಕಿದರೆ ಅದು ಪೋಣಿಸುತ್ತದಂತೆ. ಮೊದಲು ಸಂಖ್ಯೆಯಾಗಿಸಿ ಆಮೇಲೆ ಕೂಡಿಸಬೇಕು.

ಇನ್ನೊಂದು ತಪ್ಪನ್ನು ನಾನೇ ಕಂಡುಹಿಡಿದೆ. ಮೇಷ್ಟ್ರ ಅಡ್ಡಗೆರೆಯನ್ನು ತೆಗೆದು ಚುಕ್ಕೆ ಇಟ್ಟಿದ್ದೆ. ಮೂರು ಇಂಚು ಐದು ಸೆಂಟು ಹೋಗಿ ಮೂರೂವರೆ ಇಂಚಾಯಿತು. ಬೇರೆ ಊರಿನವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ನನಗೆ ಜಗಲಿಯ ಮೇಲಿನ ಮೇಷ್ಟ್ರ ಕೊಡೆ ಕಾಣಿಸಿತು. ಇಂಚನ್ನೂ ಸೆಂಟನ್ನೂ ಬೇರೆ ಮಾಡಿ ಇಂಚನ್ನು ನೂರರಿಂದ ಗುಣಿಸಿದೆ. ಸೆಂಟು ಬರೆಯದ ದಿನಗಳಲ್ಲಿ ಅಲ್ಲಿ ಸೊನ್ನೆ ಇದೆ ಎಂದುಕೊಳ್ಳಲು ಹೇಳಿದೆ.

ಪುಟದ ತಲೆಯಲ್ಲಿ ಒಂದು ವೃತ್ತ ಬರೆದು ಅದರೊಳಗೆ ಮೇಷ್ಟ್ರ ಹೆಸರಿನ ಮೊದಲ ಅಕ್ಷರ ಇಡುವ ಆಸೆಯೂ ಇತ್ತು. ಯಂತ್ರ 'ಸು'ವಿನ ಕೊಂಬು ಕಳಚಿ ಬರಿಯ 'ಸ' ಕೊಟ್ಟಿತು. ಸ್ಕಂದ ನಕ್ಕ. ಆಮೇಲೆ ಅವನ ಹೆಸರು ಹಾಕಿ ನೋಡಿದ. ಅದೂ 'ಸ'. ನಗು ನಿಂತಿತು. ಅದನ್ನು ಸರಿ ಮಾಡುವ ದಾರಿ ಹುಡುಕುತ್ತಾ ಅವನು ಆ ಸಂಜೆ ನನಗಿಂತ ಹೆಚ್ಚು ಹೊತ್ತು ಕೂತ.

ಇಷ್ಟೆಲ್ಲ ಆದ ಮೇಲೆ ಪುಟ ಸರಿಯಾಯಿತು. ನನ್ನ ಹುಟ್ಟುಹಬ್ಬಗಳು, ಹುತ್ತರಿ ಹಬ್ಬದ ದಿನಗಳು, ಯಾವುದೋ ಏಪ್ರಿಲ್ಲಿನಲ್ಲಿ ಕಾಫಿ ಅರಳಿಸಿದ ಹೂಮಳೆ, ಏನೇನೋ ಹಾಕಿ ನೋಡಿದೆ. ಆ ಒಂದು ತಾರೀಕನ್ನು ಮಾತ್ರ ಹಾಕಲಿಲ್ಲ. ಅದು ಯಮುನಾಳದು, ಮೊದಲು ಅವಳೇ ನೋಡಲಿ ಎಂದುಕೊಂಡೆ.

ಬೇಕರಿಯ ಕೆಲಸ ಮುಗಿಸಿ ಅವಳು ಲಾಡ್ಜಿಗೆ ಬಂದಳು. ಕೊಡೆಯನ್ನು ಬಾಗಿಲ ಹೊರಗಿಟ್ಟು, ಕೈ ಒರೆಸಿಕೊಂಡು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಕಾಗದದಲ್ಲಿ ಸುತ್ತಿದ ಎರಡು ಬನ್ನು ಮೇಜಿನ ಮೇಲಿಟ್ಟಳು. ಎಷ್ಟು ತಣ್ಣಗಿದೆ ನಿನ್ನ ಆಫೀಸು ಎಂದಳು, ಅಷ್ಟೇ. ನಾನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಅವಳು ಒಂದೇ ಬೆರಳಿನಲ್ಲಿ ತಾರೀಕು ಒತ್ತಿದಳು. ಒತ್ತುವಾಗ ಅವಳ ಕತ್ತು ಸ್ವಲ್ಪ ಮೇಲೆದ್ದಿತು, ಶಾಲೆಯಲ್ಲಿ ಏಳುತ್ತಿದ್ದ ಹಾಗೆಯೇ.

'೦ ಇಂಚು ೦ ಸೆಂಟು.'

ಅವಳು ಅದನ್ನು ನೋಡುತ್ತಾ ಕೂತಳು.

"ಅವತ್ತು ಮಳೆಯೇ ಬರ್ಲಿಲ್ಲ ಅಂತ ಬರೆದಿದೆ" ಎಂದಳು ಮೆಲ್ಲಗೆ. ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. "ಹಂಗಾದ್ರೆ ನಮ್ಮನೆ ಸುಮ್ನೆ ಹೋಯ್ತಾ?"

ಏನೋ ತಪ್ಪಾಗಿದೆ, ನೋಡುತ್ತೇನೆ ಎಂದೆ. ನೋಡು, ಅವಸರ ಇಲ್ಲ ಎಂದು ಹೇಳಿ ಅವಳು ಕೊಡೆ ಬಿಚ್ಚಿಕೊಂಡು ಹೋದಳು. ಮಂಜಿನಲ್ಲಿ ಮೊದಲು ಅವಳು ಮರೆಯಾದಳು, ಕೊಡೆಯ ಕೆಂಪು ಇನ್ನೂ ಸ್ವಲ್ಪ ದೂರ ಹೋಗಿ ಆಮೇಲೆ ಮರೆಯಾಯಿತು.

ನಾನು ಪುಟವನ್ನು ಬಿಟ್ಟು ಮೇಷ್ಟ್ರ ಫೈಲನ್ನೇ ತೆರೆದೆ. ಆ ಆಗಸ್ಟಿನಲ್ಲಿ ಎಷ್ಟೋ ದಿನ ಕರೆಂಟೂ ಇರಲಿಲ್ಲ, ಫೋನೂ ಇರಲಿಲ್ಲ. ಎಲ್ಲ ಬಂದ ಮೇಲೆ ಮೇಷ್ಟ್ರು ಬಾಕಿ ಉಳಿದ ದಿನಗಳನ್ನು ಒಂದರ ಕೆಳಗೊಂದು ಒಟ್ಟಿಗೆ ಕಳಿಸಿದ್ದರು. ಹಿಂದಿನ ದಿನಕ್ಕೆ ಅಂಕಿ ಇತ್ತು, ಅದೇ ಭಯವಾಗುವಷ್ಟು. ಮಾರನೆಯ ದಿನಕ್ಕೂ ಇತ್ತು. ಆ ದಿನಕ್ಕೆ ತಿಂಗಳಿತ್ತು, ತಾರೀಕಿತ್ತು, ಎರಡು ಚುಕ್ಕೆಗಳಿದ್ದವು. ಅದರ ಮುಂದೆ ಏನೂ ಇರಲಿಲ್ಲ.

ಸ್ಕಂದನಿಗೆ ತೋರಿಸಿದಾಗ ಅವನು ಈ ಸಲ ತಮಾಷೆ ಮಾಡಲಿಲ್ಲ. ಏನೂ ಬರೆಯದ ಪಠ್ಯವನ್ನು ಸಂಖ್ಯೆಯಾಗಿ ಬದಲಿಸು ಎಂದರೆ ಜಾವಾಸ್ಕ್ರಿಪ್ಟ್ ಸೊನ್ನೆ ಕೊಡುತ್ತದೆ, ಅದರ ಸ್ವಭಾವವೇ ಹಾಗೆ ಎಂದ. ಗೊತ್ತಿಲ್ಲದ ಅಕ್ಷರ ಕೊಟ್ಟರೆ ಸಂಖ್ಯೆಯಲ್ಲ ಎಂದು ತಕರಾರು ಮಾಡುತ್ತದೆ. ಖಾಲಿ ಕೊಟ್ಟರೆ ತಕರಾರೇ ಇಲ್ಲ. ಬದಲಿಸುವ ಮೊದಲು ಅಲ್ಲಿ ಏನಾದರೂ ಇದೆಯೇ ಎಂದು ನಾವೇ ಕೇಳಬೇಕು.

"ಎಲ್ಲರೂ ಒಂದ್ಸಲ ಬೀಳೋ ಗುಂಡಿ ಇದು ಮಾಳಕ್ಕ. ಒಂದೇ ಸಾಲು ಸೇರಿಸಿದ್ರೆ ಸರಿಹೋಗತ್ತೆ. ಆದ್ರೆ ಖಾಲಿ ಇದ್ರೆ ಏನು ತೋರಿಸ್ಬೇಕು? ಅದನ್ನ ನೀನು ಹೇಳ್ಬೇಕು."

ಸುಮ್ಮನಿರುವುದನ್ನು ಇಷ್ಟಪಡುವವಳು ಎಂದು ನನ್ನನ್ನು ನಾನೇ ಅಂದುಕೊಂಡಿದ್ದೆ. ಆದರೂ ಮೇಷ್ಟ್ರು ಸುಮ್ಮನಿದ್ದ ಆ ಒಂದು ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಯಮುನಾಳಿಗೆ ಫೋನು ಮಾಡಿ, ಮೇಷ್ಟ್ರು ಆ ದಿನ ಏನೂ ಬರೆದಿಲ್ಲ, ಯಾಕೆಂದು ಅವರನ್ನೇ ಕೇಳೋಣ ಎಂದೆ. ಆಚೆ ಕಡೆ ಬೇಕರಿಯ ಗದ್ದಲ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ ಎಂದಳು. ಆ ಆಗಸ್ಟಿನ ನಂತರ ಅವಳು ಆ ದಾರಿಯಲ್ಲಿ ಹೋಗಿರಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಗುಡ್ಡ ಜಾರಿದ ಜಾಗದಲ್ಲಿ ಈಗ ಹುಲ್ಲು, ಕುರುಚಲು ಎಲ್ಲ ಬೆಳೆದು ಹೊಸಬರಿಗೆ ಗುರುತೇ ಸಿಗುವುದಿಲ್ಲ. ಆ ತಿರುವಿನಲ್ಲಿ ಅವಳು ಹೊರಗೆ ನೋಡದೆ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತಿದ್ದಳು. ತಿರುವು ಕಳೆದ ಮೇಲೆ, ಶಾಲೆಗೆ ತಡವಾದರೆ ನಾವು ತೋಟದೊಳಗಿನಿಂದ ಓಡುತ್ತಿದ್ದ ಕಾಲುದಾರಿಯನ್ನು ಬೆರಳಿಟ್ಟು ತೋರಿಸಿದಳು. ಅದು ಹಾಗೆಯೇ ಇತ್ತು.

ಮೇಷ್ಟ್ರು ಜಗಲಿಯಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಈಗ ವಯಸ್ಸಾಗಿದೆ. ಕಣ್ಣು ಮಾತ್ರ ಯಾರನ್ನೂ ಬಿಡುವುದಿಲ್ಲ. ನನ್ನನ್ನು ನೋಡಿ, ನೀನು ಆಗ ಇದ್ದಷ್ಟೇ ಎತ್ತರ ಇದ್ದೀಯಲ್ಲ ಎಂದರು. ಯಮುನಾ ಕಾಲು ಮುಟ್ಟಿದಾಗ ಅವಳ ತಲೆಯ ಮೇಲೆ ಕೈ ಇಟ್ಟುಕೊಂಡೇ ಸ್ವಲ್ಪ ಹೊತ್ತು ನಿಂತರು.

ಕಾಫಿ ಬಂತು. ನನಗೆ ಹೇಗೆ ಶುರು ಮಾಡಬೇಕೆಂದು ತಿಳಿಯದೆ ಯಂತ್ರದ ಕಡೆಯಿಂದ ಶುರು ಮಾಡಿದೆ. ಕನ್ನಡ ಅಂಕಿಗಳನ್ನು ಅದು ಸಂಖ್ಯೆಯಲ್ಲ ಎಂದಿತು ಎಂದಾಗ, ಅದಕ್ಕೆ ಒಂದನೇ ಕ್ಲಾಸಿನಿಂದ ಪಾಠ ಮಾಡಬೇಕು ಎಂದರು. ಸೊನ್ನೆಯ ವಿಷಯಕ್ಕೆ ಬಂದಾಗ ಕಾಫಿ ಲೋಟ ಕೆಳಗಿಟ್ಟರು.

"ಸೊನ್ನೆ ಅಂತ ನಾನು ಬರೆದಿಲ್ಲ."

"ಇಲ್ಲ ಮೇಷ್ಟ್ರೇ. ನೀವು ಏನೂ ಬರೆದಿಲ್ಲ" ಎಂದೆ. "ತಾರೀಕು ಮಾತ್ರ ಇದೆ."

"ದಿನ ಬಂದಿತ್ತಲ್ಲ. ಬಂದ ದಿನವನ್ನ ಬಿಡೋಕಾಗತ್ತಾ?"

ಯಮುನಾ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಮಳೆ ಸಣ್ಣಗೆ ಬೀಳುತ್ತಿತ್ತು. "ಮಗಳು ಕೇಳ್ತಾಳೆ ಮೇಷ್ಟ್ರೇ" ಎಂದಳು. "ನೀವು ಎಷ್ಟು ಅಂತ ಹೇಳಿದ್ರೆ ಅಷ್ಟು ಅಂತ ಹೇಳ್ತೀನಿ. ಅಂದಾಜಾದ್ರೂ ಸಾಕು."

ಮೇಷ್ಟ್ರು ತಲೆಯಾಡಿಸಿದರು. ಅಂದಾಜು ಹೇಳಲು ತಮಗೆ ಬರುವುದಿಲ್ಲ ಎಂದರು. ಆ ಬೆಳಿಗ್ಗೆ ಅವರು ಡಬ್ಬದ ಹತ್ತಿರ ಹೋಗಿದ್ದರಂತೆ. ಅದು ತುಂಬಿ ಹೊರಗೆ ಹರಿಯುತ್ತಿತ್ತು. ಹೊರಗೆ ಹೋದದ್ದನ್ನು ಅಳೆಯಲಾಗದಿದ್ದರೂ ಒಳಗೆ ಉಳಿದದ್ದನ್ನಾದರೂ ಅಳೆದು, ಇಷ್ಟಕ್ಕಿಂತ ಹೆಚ್ಚು ಎಂದು ಬರೆಯಬಹುದಿತ್ತು. ಅದಕ್ಕೆ ಲೋಟ ಬೇಕಿತ್ತು. ಲೋಟ ಮನೆಯಲ್ಲಿರಲಿಲ್ಲ.

"ಎಲ್ಲಿತ್ತು?" ಎಂದಳು ಯಮುನಾ.

"ನಿನ್ನ ಕೈಯಲ್ಲಿ."

ಅವಳು ಅರ್ಥವಾಗದೆ ನನ್ನ ಮುಖ ನೋಡಿದಳು. ಮೇಷ್ಟ್ರು ಆತುರವಿಲ್ಲದೆ ಹೇಳಿದರು. ಶಾಲೆಯ ಹಾಲ್ ತುಂಬ ಜನ. ರಸ್ತೆ ಮುಚ್ಚಿ ಹೊರಗಿನಿಂದ ಏನೂ ಬಂದಿರಲಿಲ್ಲ. ಉತ್ತಯ್ಯನ ಅಂಗಡಿಯಿಂದ ಹಾಲಿನ ಪುಡಿ ಸಿಕ್ಕಿತ್ತು, ಅದೂ ಸ್ವಲ್ಪ. ಮಕ್ಕಳೆಲ್ಲ ಹಸಿದಿದ್ದರು. ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಎಂದು ತಾಯಂದಿರ ನಡುವೆ ಮಾತು ಏರಿತು. ಆಗ ಮೇಷ್ಟ್ರು ಮನೆಗೆ ಬಂದು ಮಳೆ ಲೋಟವನ್ನು ಬಿಸಿನೀರಿನಲ್ಲಿ ತೊಳೆದು ತೆಗೆದುಕೊಂಡು ಹೋದರು. ಯಾರಿಗೆ ಕೊಡಲಿ ಎಂದು ನೋಡಿದರೆ, ಮೂಲೆಯಲ್ಲಿ ರಶ್ಮಿತಾಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಯಮುನಾ ಕೂತಿದ್ದಳು. ಮನೆ ಹೋದ ಸುದ್ದಿ ಆಗಷ್ಟೇ ಬಂದಿತ್ತು.

"ಲೋಟ ನಿನ್ನ ಕೈಗೆ ಕೊಟ್ಟೆ. ಮಗು ನಿನ್ನ ಅವ್ವನ ಕೈಗೆ ಹೋಯಿತು. ನೀನು ಎದ್ದೆ. ಒಂದೊಂದು ಮಗುವಿಗೂ ಗೆರೆ ನೋಡಿ ಸುರಿದೆ. ಸುರಿದು ಕೂಗಿದೆ, 'ಅರ್ಧ ಇಂಚು' ಅಂತ. ಪ್ರಾರ್ಥನೆಗೆ ಕೂಗ್ತಿದ್ದೆಯಲ್ಲ, ಅದೇ ರಾಗ. ಮಕ್ಕಳು ನಗೋಕೆ ಶುರು ಮಾಡಿದ್ವು. ನಂಗೂ ಅರ್ಧ ಇಂಚು, ನಂಗೂ ಅರ್ಧ ಇಂಚು ಅಂತ."

ಯಮುನಾ ಕಂಬದಿಂದ ಬೆನ್ನು ತೆಗೆದು ಮೆಟ್ಟಿಲ ಮೇಲೆ ಕೂತಳು.

"ಹಾಲು ಕೊಟ್ಟಿದ್ದು ನೆನಪಿದೆ" ಎಂದಳು. "ಅದು ಅವತ್ತೇನಾ? ನಾನು ಎಷ್ಟೋ ದಿನ ಆದ್ಮೇಲೆ ಅಂತ ತಿಳ್ಕೊಂಡಿದ್ದೆ. ಅವತ್ತು ನಾನು ನಿಂತಿದ್ದೆ ಅಂತಾನೇ ನಂಗೆ ಗೊತ್ತಿಲ್ಲ."

"ಡಬ್ಬ ನೋಡಿ ಲೋಟ ಕೇಳೋಣ ಅಂತ ಶಾಲೆಗೆ ಬಂದೆ. ಬಾಗಿಲಲ್ಲೇ ನಿಂತೆ. ನಿನ್ನ ಕೈಯಿಂದ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ ಮಗಾ. ಹೋಗಿ ಡಬ್ಬ ಬಗ್ಗಿಸಿ ಚೆಲ್ಲಿದೆ."

ಹಂಚಿನಿಂದ ನೀರು ಇಳಿಯುತ್ತಿತ್ತು. ಒಳಗೆ ಯಾರೋ ಪಾತ್ರೆ ಎತ್ತಿಟ್ಟರು. ಶಾಲೆಯ ಕಡೆಯಿಂದ ಏನೂ ಕೇಳಲಿಲ್ಲ, ಭಾನುವಾರವಾದ್ದರಿಂದ.

ಕೊನೆಗೆ ಯಮುನಾ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಕೇಳಿದಳು, ಸೊನ್ನೆ ಇರುವ ಜಾಗದಲ್ಲಿ ಬೇರೆ ಏನಾದರೂ ಬರೆಯಲು ಆಗುತ್ತದೆಯೇ ಎಂದು. ಆಗುತ್ತದೆ, ಒಂದೇ ಸಾಲಿನ ಕೆಲಸ ಎಂದೆ. ಲ್ಯಾಪ್‌ಟಾಪು ತಂದಿದ್ದೆ. ಖಾಲಿ ಇದೆಯೇ ಎಂದು ಮೊದಲು ಕೇಳುವ ಸಾಲು ಸೇರಿಸಿದೆ. ಖಾಲಿಯಿದ್ದರೆ 'ಅಳೆದಿಲ್ಲ' ಎಂದು ತೋರಿಸಲು ಹೇಳಿದೆ. ಅವಳು ಪಕ್ಕದಲ್ಲಿ ಕೂತು ನೋಡಿದಳು. ಸಾಲದು ಎಂದಳು. ಒಂದೊಂದೇ ಮಾತು ಹೇಳುತ್ತಾ ಬರೆಸಿದಳು. ಈಗ ಆ ತಾರೀಕು ಹಾಕಿದರೆ ಪುಟದಲ್ಲಿ ಬರುವುದು ಇದು: 'ಅಳೆದಿಲ್ಲ. ಲೋಟ ಮಕ್ಕಳಿಗೆ ಹಾಲು ಕೊಡುತ್ತಿತ್ತು.'

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ತಿದ್ದಲು ಏನೂ ಸಿಗದಾಗ ಅವರು ಮಾಡುತ್ತಿದ್ದ ಸದ್ದೊಂದಿದೆ, ಮೂಗಿನಲ್ಲಿ. ಅದನ್ನು ಮಾಡಿದರು. ಆಮೇಲೆ ಗಡಿಯಾರ ನೋಡಿ, ಹೊತ್ತಾಯಿತು, ಇವತ್ತಿನದನ್ನು ಯಾರು ಅಳೆಯುವುದು ಎಂದರು.

ಲೋಟ ಗೂಡಿನಲ್ಲಿತ್ತು. ಬಾಯಿಯ ಹತ್ತಿರ ಸಣ್ಣದಾಗಿ ಒಡೆದಿತ್ತು, ಗೆರೆಗಳು ಮಾಸಿರಲಿಲ್ಲ. ಅಂಗಳಕ್ಕೆ ಇಳಿದೆವು. ನಾನು ಡಬ್ಬ ಬಗ್ಗಿಸಿದೆ, ಅವಳು ಲೋಟ ಹಿಡಿದಳು. ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಗೆರೆ ನೋಡಿದಳು. ಚೆಲ್ಲಿದಳು, ಮತ್ತೆ ಹಿಡಿದಳು. ನಾನು ಲೆಕ್ಕ ಇಟ್ಟೆ. ಕೊನೆಯ ಲೋಟವನ್ನು ಚೆಲ್ಲುವ ಮೊದಲು ಅವಳು ಅದನ್ನು ಮೂಗಿನ ಹತ್ತಿರ ತಂದು ಸ್ವಲ್ಪ ಹೊತ್ತು ಹಿಡಿದಳು.

ಏನು ಎಂದು ಕೇಳಿದೆ. ಏನಿಲ್ಲ ಎಂದಳು.

ಆಮೇಲೆ ಜಗಲಿಯ ಕಡೆ ತಿರುಗಿ, ಕತ್ತು ಮೇಲೆತ್ತಿ ಕೂಗಿದಳು.